ಮೇಕೆ ಹಾಲಿನಲ್ಲಿ ಬದುಕಿದವು

ಅಕ್ಕಾ,

ಇವತ್ತು ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆಗೆದೆ. ಕಳೆದ ವಾರ ಫ್ರಿಜ್ ಕೆಟ್ಟು, ಪರೋಪಜೀವಿಗಳನ್ನು ಬೆಳೆಸಲು ಬಳಸುವ ಕರುವಿನ ರಕ್ತದ ಸೀರಮ್ ಅಷ್ಟೂ ಹಾಳಾಗಿತ್ತು. ಉಳಿದದ್ದು, ತಿಂಗಳಿಂದ ಜ್ವರದಲ್ಲಿ ಬೇಯುತ್ತಿರುವ ಒಬ್ಬ ಹೆಂಗಸಿನ ಮೂಳೆಮಜ್ಜೆಯಿಂದ ತೆಗೆದು ಬೆಳೆಸಿದ ಪರೋಪಜೀವಿಗಳ ಒಂದೇ ಟ್ಯೂಬ್. ಅದರೊಳಗಿನವು ಸತ್ತರೆ, ಅವಳಿಗೆ ಯಾವ ಔಷಧಿ ನಾಟುತ್ತದೆಂದು ತಿಳಿಯುವ ದಾರಿಯೇ ಇರಲಿಲ್ಲ. ಹಾಗಾಗಿ ನೀವು ಈ ಲ್ಯಾಬಿನಲ್ಲಿದ್ದಾಗ ಮಾಡುತ್ತಿದ್ದಂತೆಯೇ ಮೇಕೆ ಹಾಲಿನ ಕೆನೆ ತೆಗೆದು, ಕಾಯಿಸಿ, ಸೋಸಿ, ಸೀರಮ್ ಬದಲು ಬೆರೆಸಿಟ್ಟಿದ್ದೆ.

ಸೂಕ್ಷ್ಮದರ್ಶಕದಲ್ಲಿ ಮೊದಲು ಕಂಡದ್ದು ಹಾಲಿನ ಕಣಗಳಷ್ಟೇ. ನಿಂತಲ್ಲೇ ಅದುರುತ್ತಿದ್ದವು. ನಮ್ಮ ಲ್ಯಾಬಿನ ಸಾಹೇಬರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

"ಏನಮ್ಮಾ, ಬದುಕಿದಾವಾ, ಇಲ್ಲಾ ಮೊಸರಾಯ್ತಾ?"

ನಾನು ಫೋಕಸ್ ತಿರುಗಿಸಿದೆ. ಅಷ್ಟರಲ್ಲಿ ಒಂದು ಜೀವಿ ಬಾಲ ಬಡಿಯುತ್ತ ಅಡ್ಡ ಹಾದುಹೋಯಿತು. ಮತ್ತೊಂದು ಬಂತು. ಆಮೇಲೆ ಎಣಿಸಲಾಗದಷ್ಟು.

ಅವರೂ ಬಗ್ಗಿ ನೋಡಿದರು. "ಯಾರು ಹೇಳ್ಕೊಟ್ಟಿದ್ದು ಇದನ್ನ?"

ನಿಮ್ಮ ಹೆಸರು ಹೇಳಿದೆ. ಎರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ, "ನನ್ನ ಕೇಳದೆ ಲ್ಯಾಬಿಗೆ ಹಾಲು ತಂದೋರು ಯಾರು?" ಎಂದು ಅವರು ಕೂಗಾಡಿದಾಗಲೂ ನಾನು ಹೇಳಿದ್ದು ಅದೇ ಹೆಸರು. ಅವತ್ತು ಹಾಲು ತಂದವಳು ನಾನು. ನೀವು ನನ್ನ ಹೆಸರು ಹೇಳದೆ ಕೋಟು ಕಳಚಿಟ್ಟು ಹೊರಟುಹೋದಿರಿ.

ಮಧ್ಯಾಹ್ನದಿಂದ ಔಷಧಿಯ ಪರೀಕ್ಷೆ ಶುರುವಾಗಿದೆ. ಹೆಂಗಸಿಗೆ ಇನ್ನೂ ಸಮಯವಿದೆ ಎನ್ನುತ್ತಾರೆ ಡಾಕ್ಟರು.

ಸಂಜೆ ಸಾಹೇಬರು ಮತ್ತೆ ಬಂದರು. "ಅವರನ್ನ ವಾಪಸ್ ಕರೆಸೋಣ. ಫೋನ್ ನಂಬರ್ ಇದ್ಯಾ ನಿನ್ನತ್ರ?"

"ಇಲ್ಲ ಸಾರ್" ಎಂದೆ.

ನಿಮ್ಮ ನಂಬರ್ ನನಗೆ ಬಾಯಿಪಾಠ, ಅಕ್ಕಾ.