ಅರಳುಮರಳಲ್ಲ

ಪ್ರೀತಿಯ ಬೋರ್ಘಿಲ್ಡ್ ಅಕ್ಕ,

ಅಮ್ಮನ ಹಾಗೆ ನನಗೂ ಅರಳುಮರಳು ಹಿಡಿಯಿತೆಂದು ನಾವಿಬ್ಬರೂ ಹೆದರಿದ್ದೆವಲ್ಲ, ಅದಲ್ಲವಂತೆ. ತರಗತಿಯ ಮಕ್ಕಳ ಹೆಸರೇ ನೆನಪಾಗದೆ ನಾನು ಪಾಠ ನಿಲ್ಲಿಸಿದ ಮೇಲೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು.

"ಚಳಿ ಜಾಸ್ತಿ ಆಗುತ್ತಾ?" ಎಂದು ವರದಿ ನೋಡುತ್ತಾ ಕೇಳಿದರು.

"ಹಿಮ ಸುರಿಯೋ ಈ ಟ್ರೊಮ್ಸೊ ಊರಲ್ಲಿ ಯಾರಿಗೆ ಆಗಲ್ಲ ಡಾಕ್ಟ್ರೇ?" ಎಂದೆ.

"ನಿಮ್ಮ ತಲೆ ನೆಟ್ಟಗಿದೆ. ಗಂಟಲಲ್ಲಿರೋ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡ್ತಿಲ್ಲ, ಅದಕ್ಕೇ ಈ ಮರೆವು, ಚಳಿ ಅಷ್ಟೆ," ಎಂದು ನಕ್ಕರು.

ಖಾತ್ರಿಯಾಗಲೆಂದು ನಿನಗೆ ಹೇಳದೆ ಕಾದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ ನುಂಗಿ, ಮೂರು ತಿಂಗಳಲ್ಲಿ ತಲೆ ತಿಳಿಯಾಗಿದೆ. ಸೋಮವಾರದಿಂದ ಮತ್ತೆ ಶಾಲೆಗೆ ಹೋಗುತ್ತೇನೆ.

ಇದು ಮನೆತನದಲ್ಲಿ ಬರಬಹುದಂತೆ, ನೀನೂ ಪರೀಕ್ಷೆ ಮಾಡಿಸಿಕೊ. ಅಮ್ಮನಿಗೆ ಯಾರೂ ಮಾಡಿಸಲಿಲ್ಲ. ಆ ಮಾತು ಈಗ ಬೇಡ. ನಿನ್ನ ಬಳಿ ಬಿಟ್ಟಿದ್ದ ನನ್ನ ನಾಯಿಯನ್ನು ಭಾನುವಾರದ ಹಡಗಿನಲ್ಲಿ ಕರೆದುಕೊಂಡು ಬಾ. ಅದು ನನ್ನನ್ನು ಮರೆತಿರದಿದ್ದರೆ ಸಾಕು.

ನಿನ್ನ ತಂಗಿ,
ಗುನ್ವೋರ್