ಮೀಸೆ ನನಗೆ, ಸೀರೆ ಅವರಿಗೆ

ಜನವರಿ 8, ಬುಧವಾರ
ರಿಹರ್ಸಲ್‌ಗೆ ಇವತ್ತೂ ಲೇಟು. ಪಾಠ ಮುಗಿಸಿ ಶಾಲೆಯಿಂದ ಬದಿಯಡ್ಕಕ್ಕೆ ಬಂದರೆ ಬಸ್ಸಿಲ್ಲ, ಜೀಪಿನಲ್ಲಿ ಅರ್ಧ ಸೀಟು. ಗಂಡನ ಪಾತ್ರದವರು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಆ ಮೀಸೆ ಹೆಣ್ಣಾದ ನನ್ನ ಪಾಲಿಗೆ ಬಂದಿದೆ. ಹೆಂಡತಿಯ ಪಾತ್ರ ವಿಷ್ಣುಪ್ರಸಾದರದು. ನಮ್ಮ ಕ್ಲಬ್ಬಿನ ನಾಟಕದಲ್ಲಿ ಯಾವಾಗಲೂ ಹೆಣ್ಣು ಅವರೇ. ಫೆಬ್ರವರಿ ಎರಡಕ್ಕೆ ನನಗೆ ನಿಶ್ಚಿತಾರ್ಥ ಆಗುವುದೂ ಅವರ ಜೊತೆಗೇ. ಊರಿಗೆಲ್ಲ ನಗು. ನನಗೂ.

ಜಂಬದ ಹೆಂಡತಿಯನ್ನು ಗಂಡ ಬಗ್ಗಿಸುವ ಹಳೇ ಹಾಸ್ಯ. ಕೊನೆಗೆ ಅವಳು ಕಾಲಿಗೆ ಬೀಳಬೇಕು. ಅವರು ಸೀರೆ ಉಟ್ಟು ಒನಪಿನಿಂದ ಬಗ್ಗಿದರೆ ನನಗೆ ಮಾತೇ ಮರೆತುಹೋಗುತ್ತದೆ. ಇಷ್ಟ ಆಗಿಬಿಟ್ಟಿದ್ದಾರೆ... ಬರೆದೆ, ಆಯ್ತು.

13, ಸೋಮವಾರ
ನಾಟಕ ಕಲಿಸುವ ಕೇಶವಪ್ರಸಾದ ಮಾಷ್ಟ್ರು ಕೂತಲ್ಲೇ ಮಾತು ಹೊಸೆದು ವಾದಿಸುವ ತಾಳಮದ್ದಳೆಯಲ್ಲಿ ಪಳಗಿದವರು. ಡೈಲಾಗ್ ಬಾಯಿಪಾಠ ಮಾಡಿದರೆ ಬೈಗುಳ. ಎದುರಿನವನು ಏನು ಬೇಕಾದರೂ ಕೇಳಬಹುದು, ಉತ್ತರ ಕೊಡದೆ ನಿಂತವನು ಸೋತ — ಅವರ ಕಾನೂನು ಅಷ್ಟೇ. ವಿಷ್ಣುಪ್ರಸಾದರು ಈವರೆಗೆ ಸೋತದ್ದಿಲ್ಲ. ನಾನು ದಿನಾ ಸೋಲ್ತೇನೆ.

18, ಶನಿವಾರ, ಸಂಜೆ
ಚಾ ಕುಡಿಯುವಾಗ ವಿಷ್ಣುಪ್ರಸಾದರು ಹೇಳಿದರು. ವಿಗ್ಗಿಗೆ ಪಿನ್ನು ಚುಚ್ಚಿಕೊಳ್ತಾ.

"ಮದುವೆ ಆದ ಮೇಲೆ ನಾಟಕ ಬೇಡ ಸುಪ್ರೀತಾ. ಅಮ್ಮನಿಗೆ ಸರಿ ಕಾಣುವುದಿಲ್ಲ. ನನಗೂ."

ನೀವು ಬಿಡ್ತೀರಾ ಅಂತ ಕೇಳಿದೆ.

"ನಂದು ಬೇರೆ. ಗಂಡಸರಿಗೆ ಎಂತ?"

ಹೇಳುವಾಗ ಸೆರಗು ಸರಿಮಾಡಿಕೊಳ್ತಿದ್ದರು. ನಗು ಬರಬೇಕಿತ್ತು. ಬರಲಿಲ್ಲ.

19, ಭಾನುವಾರ
ಅಮ್ಮನಿಗೆ ಹೇಳಿದೆ. ಶಾಲೆಯ ಕೆಲಸ ಬಿಡು ಅನ್ನಲಿಲ್ಲವಲ್ಲ, ಒಳ್ಳೇ ಹುಡುಗ, ನಾಟಕ ಊಟಕ್ಕಾಗುತ್ತದಾ ಅಂತ ಅವಳು. ಹೌದು, ಒಳ್ಳೆಯವರು. ಅದೇ ಕಷ್ಟ. ಕೆಟ್ಟವರಾಗಿದ್ದರೆ ಇವತ್ತೇ ಬೇಡ ಅಂತಿದ್ದೆ.

25, ಶನಿವಾರ, ಮಧ್ಯಾಹ್ನ 3
ಇವತ್ತು ಸಂಜೆ ನಾಟಕ. ಇದೇ ನನ್ನ ಕೊನೇ ನಾಟಕವೋ ಏನೋ. ಸಿಟ್ಟು ಬರ್ತದೆ, ಅಳುವೂ.

26, ಭಾನುವಾರ, ಬೆಳಿಗ್ಗೆ 8
ರಾತ್ರಿಯದ್ದು ಬರೆದಿಡ್ತೇನೆ.

ಕೊನೇ ಸೀನ್. ಅವರು ಕಾಲಿಗೆ ಬಿದ್ದರು. ನಾನು ಎಬ್ಬಿಸಿ ಕ್ಷಮಿಸಬೇಕು, ಅಲ್ಲಿಗೆ ನಾಟಕಕ್ಕೆ ಮಂಗಳ. ಎಬ್ಬಿಸಿದೆ. ಬಾಯಿಗೆ ಬಂದದ್ದು ಬೇರೆ.

"ಮದುವೆ ಆಯಿತಲ್ಲ. ಇನ್ನು ನಾಟಕ, ಬಣ್ಣ ಎಲ್ಲ ಬಿಡಬೇಕು. ಬಿಡ್ತೀಯಾ?"

ಮೊದಲ ಸಾಲಿನಲ್ಲಿ ಅವರ ಅಮ್ಮ. ಸೈಡಿನಲ್ಲಿ ಮಾಷ್ಟ್ರು. ಬಿಡ್ತೇನೆ ಅಂದರೆ ಊರಿನ ಎದುರೇ ಮಾತು ಕೊಟ್ಟ ಹಾಗೆ. ಸುಮ್ಮನಿದ್ದರೆ ಸೋಲು. ವಿಷ್ಣುಪ್ರಸಾದರು ನನ್ನನ್ನೇ ನೋಡಿದರು.

"ಅದು ಹೇಗೆ ಬಿಡುವುದು? ಅದು ಬಿಟ್ಟರೆ ನನ್ನಲ್ಲಿ ಎಂತ ಉಂಟು?"

ಹೆಣ್ಣಿನ ಸ್ವರ ಮರೆತೇ ಹೋಗಿತ್ತು. ಅವರದೇ ದಪ್ಪ ಸ್ವರ. ಜನ ಬಿದ್ದು ಬಿದ್ದು ನಕ್ಕರು, ಸಿಳ್ಳೆ ಬೇರೆ. ನಾವಿಬ್ಬರೂ ನಗಲಿಲ್ಲ. ಪರದೆ ಬಿದ್ದ ಮೇಲೆ ವಿಗ್ಗು ಚೀಲಕ್ಕೆ ಹಾಕಿ ಹೊರಟುಹೋದರು.

ಈಗ ನಮ್ಮ ಅಂಗಳದಲ್ಲಿ ಬೈಕು ನಿಂತಿತು. ಅವರೇ. ಅವರ ಅಮ್ಮನನ್ನು ಕರಕೊಂಡು ಬಂದಿಲ್ಲ. ಒಳಗಿಂದ ನಮ್ಮಮ್ಮ ಕೂಗ್ತಿದ್ದಾಳೆ, ಕಾಫಿ ಕೊಂಡುಹೋಗಬೇಕಂತೆ.

ಹೋಗ್ತೇನೆ. ನಿನ್ನೆಯ ಆ ಉತ್ತರ ನನಗೂ ಸಲ್ಲುತ್ತದಾ ಅಂತ ಕೇಳ್ತೇನೆ. ಈ ಸಲ ಮೀಸೆ ಇಲ್ಲದೆ. ಇಲ್ಲ ಅಂದರೆ, ಎರಡನೇ ತಾರೀಕಿಗೆ ನಿಶ್ಚಿತಾರ್ಥವೂ ಇಲ್ಲ.