ತುಟಿ ಮುಚ್ಚಿ ಓದುವ ಪರೀಕ್ಷೆ

ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ನಮ್ಮ ಮನೆಯ ರೇಡಿಯೋಗೆ,

ನಿನ್ನ ಕೈಗೇನು ಲಕ್ವಾ ಹೊಡೆದಿದೆಯೇನೇ? ಹೋದ ತಿಂಗಳು ಬರೆದ ಕಾಗದಕ್ಕೆ ಉತ್ತರವಿಲ್ಲ, ಅದರ ಹಿಂದಿನದಕ್ಕೂ ಇಲ್ಲ. ಆಸ್ಪತ್ರೆಯಲ್ಲಿ ಗುರುತು ಪರಿಚಯ ಇಲ್ಲದವರ ಜ್ವರವನ್ನೆಲ್ಲ ಹೊತ್ತು ಹೊತ್ತಿಗೆ ಬರೆದಿಡುವ ನರ್ಸಮ್ಮನಿಗೆ, ಅಜ್ಜಿ ಇದ್ದಾಳೋ ಹೋದಳೋ ಎಂದು ಕೇಳಿ ನಾಲ್ಕು ಸಾಲು ಗೀಚಲು ಪುರುಸೊತ್ತಿಲ್ಲ. ಫೋನು ಮಾಡುತ್ತೇನಲ್ಲ ಎನ್ನಬೇಡ. ಫೋನಿನಲ್ಲಿ ನಿನ್ನ ಮಾತು ನನ್ನ ಕಿವಿಗೆ ಬೀಳುವಷ್ಟರಲ್ಲಿ ನಿಮ್ಮಮ್ಮ ಕಿತ್ತುಕೊಂಡಿರುತ್ತಾಳೆ. ಈ ಕಾಗದವನ್ನು ನಾನೂ ತಡ ಮಾಡಿಯೇ ಬರೆಯುತ್ತಿದ್ದೇನೆ, ಅದು ಬೇರೆ ಮಾತು. ಹೆಬ್ಬೆರಳಿಗೆ ಸೂಜಿ ಚುಚ್ಚಿ ಕೀವಾಗಿತ್ತು. ಈಗ ವಾಸಿ. ಅಕ್ಷರ ಕೋಳಿ ಕೆದರಿದ ಹಾಗೆ ಕಂಡರೆ ಬೆರಳನ್ನು ದೂರಬೇಡ, ಅದು ಮೊದಲಿನಿಂದಲೂ ಹಾಗೇ ಇದೆ.

ನಿಮ್ಮಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ "ಅಜ್ಜಿಗೆ ಹೇಳ್ಬೇಡ" ಎಂದೆಯಲ್ಲ, ನಿನ್ನ ಬುದ್ಧಿಗೆ ಏನೆನ್ನಲಿ. ಫೋನು ಇಟ್ಟವಳೇ ಸೀದಾ ನನ್ನ ಹತ್ತಿರ ಬಂದಳು.

"ಅತ್ತೆ, ಅವಳು ಆ ಇಂಗ್ಲಿಷ್ ಪರೀಕ್ಷೇಲಿ ಮತ್ತೆ ಹೋದ್ಲಂತೆ. ಕೇಳೋದ್ರಲ್ಲಿ ಪಾಸು, ಬರೆಯೋದ್ರಲ್ಲಿ ಪಾಸು, ಮಾತಾಡೋದ್ರಲ್ಲಿ ಪಾಸು. ಓದೋದ್ರಲ್ಲಿ ಫೇಲು."

"ಯಾರು, ನಮ್ಮ ರೇಡಿಯೋನಾ? ಓದೋದ್ರಲ್ಲಾ?" ಎಂದೆ ನಾನು. "ಪೇಪರ್ ತಿದ್ದಿದವನಿಗೆ ಕಣ್ಣು ಕಾಣ್ಸುತ್ತಾ?"

ಆಮೇಲೆ ಅವಳು ಬಿಡಿಸಿ ಹೇಳಿದಳು. ಮೂರು ಉದ್ದುದ್ದ ಪಾಠ ಕೊಡುತ್ತಾರಂತೆ, ಅದರ ಜೊತೆಗೆ ಪ್ರಶ್ನೆ. ನೀನು ಮೊದಲಿನಿಂದ ಒಂದೊಂದೇ ಮಾತನ್ನು ತುಟಿ ಅಲ್ಲಾಡಿಸಿಕೊಂಡು ಓದುತ್ತೀಯಂತೆ, ಮೂರನೆಯ ಪಾಠಕ್ಕೆ ಬರುವಷ್ಟರಲ್ಲಿ ಹೊತ್ತು ಮುಗಿಯುತ್ತದಂತೆ. ಕೋಚಿಂಗ್ ಮೇಷ್ಟ್ರು ಎಲ್ಲರೆದುರು, "ಬಾಯಿ ಮುಚ್ಕೊಂಡು ಓದಮ್ಮ, ಕಣ್ಣಲ್ಲಿ ಓದು" ಎಂದರಂತೆ. ನೀನು ನಿಮ್ಮಮ್ಮನಿಗೆ, "ಇದು ಅಜ್ಜಿಯ ಹೊಲಿಗೆ ಕೋಣೇಲಿ ಅಂಟಿದ ಚಾಳಿ, ಇನ್ನು ಹೋಗಲ್ಲ. ಮತ್ತೆ ಫೀಸು ಕಟ್ಟಲ್ಲ. ಆ ದೂರದೇಶದ ಆಸ್ಪತ್ರೆ ಕೆಲ್ಸಾನೂ ಬೇಡ" ಎಂದೆಯಂತೆ.

ಚಾಳಿಯಂತೆ. ಇರಲಿ.

ಆ ಕೋಣೆ ಹೇಗಿತ್ತೆಂದು ಮರೆತೆಯಾ? ತಾತ ಮೇಜಿನ ಮೇಲೆ ಬಟ್ಟೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ನಿಮ್ಮಮ್ಮ ಮಿಷನ್ ತುಳಿಯುತ್ತಿದ್ದಳು. ನಾನು ಬಾಗಿಲ ಬೆಳಕಿಗೆ ಕೂತು ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದೆ. ಮೂವರ ಕಣ್ಣೂ ಬಟ್ಟೆಯ ಮೇಲೆ. ಬಿಡುವಾಗಿದ್ದ ಕಣ್ಣು ನಿನ್ನದೊಂದೇ. ಸ್ಕೂಲಿಂದ ಬಂದು ಚಿಂದಿ ಮೂಟೆಯ ಮೇಲೆ ಹತ್ತಿ ಕೂತರೆ ಪೇಪರು, ವಾರಪತ್ರಿಕೆ, ದಾರದ ಡಬ್ಬಿಯ ಮೇಲಿನ ಬರಹ, ಸೋಪಿನ ಕಾಗದ, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ಗಳಿಗೆ ನಿನ್ನ ದನಿ ನಿಂತರೆ ತಾತ ಕತ್ತರಿಯ ಹಿಡಿಯಿಂದ ಮೇಜು ಕುಟ್ಟಿ, "ಏನಮ್ಮಾ, ರೇಡಿಯೋ ಕೆಟ್ಟೋಯ್ತಾ?" ಎನ್ನುತ್ತಿದ್ದರು. ಹಳ್ಳಿ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಬಿಟ್ಟವಳು ನಾನು, ಅಕ್ಷರ ಕೂಡಿಸಿಕೊಂಡು ಓದಬಲ್ಲೆ ಅಷ್ಟೇ. ಊರಿನ ಕಳ್ಳತನ, ದೇಶದ ಚುನಾವಣೆ, ಆಕಾಶದ ಗ್ರಹಣ, ಎಲ್ಲ ನನಗೆ ತಿಳಿದದ್ದು ನಿನ್ನ ಗಂಟಲಿನಿಂದ.

ನಿನ್ನ ಮೇಲೆ ಇನ್ನೊಂದು ದೂರೂ ಇದೆಯಂತಲ್ಲ. 'ಹೌದು', 'ಅಲ್ಲ', 'ಪಾಠದಲ್ಲಿ ಹೇಳಿಲ್ಲ' ಎಂದು ಮೂರು ಉತ್ತರ ಕೊಟ್ಟರೆ ನೀನು ಮೂರನೆಯದರ ಕಡೆ ತಿರುಗಿಯೂ ನೋಡುವುದಿಲ್ಲವಂತೆ. ಪಾಠದಲ್ಲಿ ಇಲ್ಲದ್ದನ್ನೂ ನೀನೇ ಊಹಿಸಿ ಬರೆಯುತ್ತೀಯಂತೆ. ಇದನ್ನು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಆ ಮೂಗಿ ಸೊಸೆಯ ಧಾರಾವಾಹಿ ನೆನಪಿದೆಯಾ? ಕೊನೆಯ ಕಂತಿನ ಹಾಳೆಯಲ್ಲಿ ತಾತ ಯಾರಿಗೋ ಗುಂಡಿ ಕಟ್ಟಿಕೊಟ್ಟುಬಿಟ್ಟಿದ್ದರು. ನೀನು ಹಾಳೆ ಇಲ್ಲವೆಂದು ಬಾಯಿಬಿಡದೆ, ಯಾವುದೋ ಪುಟ ನೋಡಿಕೊಂಡೇ ಸೊಸೆಗೆ ಮಾತು ಬರಿಸಿ, ಅತ್ತೆಯನ್ನು ಬಾವಿಗೆ ಬೀಳಿಸಿ, ಕಥೆ ಮುಗಿಸಿದೆ. ನಿಮ್ಮಮ್ಮ ಮಿಷನ್ ನಿಲ್ಲಿಸಿ ಕಣ್ಣೊರೆಸಿಕೊಂಡಳು. ವಾರ ಕಳೆದ ಮೇಲೆ ಅಳತೆ ಕೊಡಲು ಬಂದ ಟೀಚರಮ್ಮ, "ಅತ್ತೆ ಎಲ್ಲಿ ಸತ್ಲು? ಅವಳೇ ಸೊಸೇನ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ಲಲ್ಲ" ಎಂದಾಗ ನೀನು ಮೂಟೆಯ ಹಿಂದೆ ಅಡಗಿದ್ದೆ. ನಮಗೇನೋ ನಿನ್ನ ಕಥೆಯೇ ಚೆನ್ನಾಗಿತ್ತು. ಆದರೆ ಅಲ್ಲಿ ಪೇಪರ್ ತಿದ್ದುವವಳು ನಿಮ್ಮಮ್ಮ ಅಲ್ಲ. ಹಾಳೆಯಲ್ಲಿ ಇಲ್ಲದಿದ್ದರೆ ಇಲ್ಲ ಎಂದು ಬರೆದು ಮುಂದೆ ನಡೆ.

ಇನ್ನು, ಹುಡುಕುವುದು ನಿನಗೆ ಹೊಸದೇ? ನನ್ನ ಸೂಜಿ ಜಾರಿ ಬಿದ್ದರೆ ತಾತ, "ಯಾರೂ ಕಾಲೆತ್ಬೇಡಿ" ಎನ್ನುತ್ತಿದ್ದರು. ನೀನು ನೆಲದ ಮೇಲಿನ ಚಿಂದಿ, ದಾರ, ಸುಣ್ಣದ ಚೂರು ಒಂದೊಂದನ್ನೂ ವಿಚಾರಿಸಿಕೊಳ್ಳುತ್ತ ಕೂರುತ್ತಿದ್ದೆಯಾ? ಕೆನ್ನೆಯನ್ನು ನೆಲಕ್ಕೆ ಹಚ್ಚಿ ಹೊಳಪು ಎಲ್ಲಿದೆ ಎಂದಷ್ಟೇ ನೋಡುತ್ತಿದ್ದೆ. ಮೊದಲು ಪ್ರಶ್ನೆ ನೋಡು, ಆಮೇಲೆ ಉತ್ತರ ಹುಡುಕು ಎಂದು ಮೇಷ್ಟ್ರು ಹೇಳುವುದೂ ಅದನ್ನೇ ಇರಬೇಕು. ಮೊದಲು ಅವರನ್ನು ಬಾಯಿಗೆ ಬಂದಂತೆ ಬೈದಿದ್ದೆ. ಯೋಚಿಸಿದರೆ ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ.

ಬಾಯಿ ಮುಚ್ಚಿ ಓದುವುದು ಅಂಥ ಏನು ಕಷ್ಟ ಎಂದು ಮೊನ್ನೆ ನಾನೂ ಪೇಪರ್ ಹಿಡಿದು ಕೂತೆ. ತುಟಿ ಬಿಗಿದರೆ ಉಸಿರೂ ನಿಂತ ಹಾಗಾಯಿತು. ಯಾರು ಯಾರಿಗೆ ಏನು ಮಾಡಿದರು ಎಂಬುದೊಂದೂ ತಲೆಗೆ ಹೋಗಲಿಲ್ಲ. ನಿಮ್ಮಮ್ಮ ನೋಡಿ, "ಏನತ್ತೆ, ಹಲ್ಲು ನೋವಾ?" ಎಂದಳು. ನನ್ನಿಂದ ಆಗದು, ನನಗೆ ಆಗಬೇಕಾಗಿಯೂ ಇಲ್ಲ. ನಿನಗೆ ಆಗಬೇಕು. ಈ ತಿಂಗಳ ಕೊನೆಯವರೆಗೆ ಫೀಸು ಕಟ್ಟಬಹುದಂತೆ. ಕಟ್ಟು. ನೀನು ದೂರ ಹೋಗುತ್ತೀಯೆಂದು ಸೆರಗು ಬಾಯಿಗಿಟ್ಟುಕೊಳ್ಳುವ ಅಜ್ಜಿ ನಾನಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿಂತುಕೊಂಡು ಮಾಡುವ ಕೆಲಸ, ಕಾಲಿಗೆ ಬಿಸಿನೀರು ಹಾಕಿಕೋ. ನಿನ್ನ ಕಣ್ಣೂ ಕೈಯೂ ಗಟ್ಟಿಯಾಗಿರಲಿ, ಹೋದಲ್ಲಿ ನಾಲ್ಕು ಜನ ನಿನ್ನನ್ನು ತಮ್ಮವಳು ಎನ್ನಲಿ.

ಇಂತಿ,
ನಿನ್ನ ಬಾಯಿಬಡುಕಿ ಅಜ್ಜಿ

ತಾ. ಕ.: ಬರೆಯಲು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಮೇಲೆ ಬರೆಯಲು ಮನಸ್ಸಾಗಲಿಲ್ಲ. ಹೋದ ಸಲ ರಜೆಗೆ ಬಂದಾಗ ನೀನು ಕಿಟಕಿಯ ಹತ್ತಿರ ಒಂದು ಇಂಗ್ಲಿಷ್ ಕಥೆ ಪುಸ್ತಕ ಹಿಡಿದು ಕೂತಿದ್ದೆ. ಪುಟದ ಮೇಲೆ ಪುಟ ತಿರುಗಿಸುತ್ತಿದ್ದೆ. ಒಂದು ಕಡೆ ನಿನಗೆ ನಗು ಬಂತು. ಎದುರಿಗಿದ್ದ ನಾನು ಕೈಕೆಲಸ ನಿಲ್ಲಿಸಿ, "ಏನೇ ಅದು, ನಂಗೂ ಹೇಳೇ" ಎಂದೆ. ನೀನು ತಲೆ ಎತ್ತದೆ, "ನಿಂಗೆ ಅರ್ಥ ಆಗಲ್ಲ ಬಿಡಜ್ಜಿ" ಎಂದೆ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಗೊತ್ತು. ನಿನಗೆ ನೆನಪೂ ಇರಲಾರದು. ಆದರೆ ನೀನು ನನ್ನೆದುರು ಕೂತು ಓದಿದ್ದು ನನಗೆ ಕೇಳಿಸದೆ ಹೋದದ್ದು ಅದೇ ಮೊದಲು. ಆಮೇಲೂ ಬಹಳ ಹೊತ್ತು ನಿನ್ನ ಮುಖವನ್ನೇ ನೋಡುತ್ತ ಕೂತಿದ್ದೆ. ನಿನ್ನ ತುಟಿ ಒಂದಿಷ್ಟೂ ಅಲ್ಲಾಡಲಿಲ್ಲ. ಈಗ ಪರೀಕ್ಷೆಯ ಹೆದರಿಕೆಗೆ ಮತ್ತೆ ಶುರುವಾಗಿರಬೇಕು. ಆ ಚಾಳಿ ಹೋಗುವುದಿಲ್ಲ ಎಂದು ಮಾತ್ರ ಯಾರ ಮುಂದೆಯೂ ಹೇಳಬೇಡ. ಅದು ಆವತ್ತೇ ಹೋಗಿದೆ. ನಾನೇ ಸಾಕ್ಷಿ.

ಆ ಪುಸ್ತಕದಲ್ಲಿ ನಿನಗೆ ನಗು ಬರಿಸಿದ್ದು ಏನೆಂದು ಕನ್ನಡದಲ್ಲಿ ಬರೆ. ಅರ್ಥವಾಗುವುದು ಬಿಡುವುದು ನನ್ನ ಪಾಡು. ಬರುವ ತಿಂಗಳು ಹುಟ್ಟುವ ಮೊದಲು ಉತ್ತರ ನನ್ನ ಕೈಯಲ್ಲಿರಬೇಕು.